ಕೈ ತೊಳೆಯುವುದು ಕೊಳೆ ಹೋಗಲೆಂದೋ, ಆದೇಶವಿದೆಯೆಂದೋ?

ಓದುಗ ಸಹೋದರಿಯೊಬ್ಬರು ಕೇಳಿದ್ದಾರೆ: “ಯಹೂದಿಯರು ಊಟಕ್ಕೆ ಮುಂಚೆ ಕೈ ತೊಳೆಯುತ್ತಾರೆ, ಹಂದಿಮಾಂಸ ಮುಟ್ಟುವುದಿಲ್ಲ, ಮಾಂಸದ ರಕ್ತವನ್ನೆಲ್ಲ ತೆಗೆದೇ ಬೇಯಿಸುತ್ತಾರೆ, ಮಗುವಿಗೆ ಎಂಟನೆಯ ದಿನವೇ ಖತ್ನ ಮಾಡಿಸುತ್ತಾರೆ. ಇವೆಲ್ಲ ಅವರಿಗೆ ಸಾವಿರಾರು ವರ್ಷಗಳ ಹಿಂದೆಯೇ ತಿಳಿದಿದ್ದ ಆರೋಗ್ಯ ಸೂತ್ರಗಳು ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ನಿಜವೇ?”

ಒಂದೇ ಮಾತಿನಲ್ಲಿ ಹೌದು ಅಥವಾ ಅಲ್ಲ ಎನ್ನುವಂತಿಲ್ಲ. ಇದೇ ಪ್ರಶ್ನೆಯನ್ನು ಯಹೂದಿ ವಿದ್ವಾಂಸರು ತಮ್ಮೊಳಗೇ ನೂರಾರು ವರ್ಷ ಚರ್ಚಿಸಿದ್ದಾರೆ. ಅವರ ಉತ್ತರವನ್ನು ಅವರಿಂದಲೇ ಕೇಳುವುದು ಒಳ್ಳೆಯದು. ಯಾಕೆಂದರೆ ಈ ಚರ್ಚೆ ಪುಸ್ತಕದಲ್ಲೇ ಉಳಿದಿಲ್ಲ. ಹಸುಗೂಸುಗಳ ಜೀವ, ರೋಗಿಗಳ ಉಪವಾಸ ಇವೆಲ್ಲ ಅದರ ಮೇಲೆ ನಿಂತಿವೆ.

ಕೈ ತೊಳೆಯುವುದರಿಂದಲೇ ಆರಂಭಿಸೋಣ. ಸಂಪ್ರದಾಯ ಪಾಲಿಸುವ ಯಹೂದಿ ರೊಟ್ಟಿ ತಿನ್ನುವ ಮುಂಚೆ ಒಂದು ಪಾತ್ರೆಯಲ್ಲಿ ನೀರು ತೆಗೆದುಕೊಂಡು ಮೊದಲು ಬಲಗೈಗೆ, ಆಮೇಲೆ ಎಡಗೈಗೆ ಸುರಿಯುತ್ತಾನೆ. ಸಾಮಾನ್ಯವಾಗಿ ಒಂದೊಂದು ಕೈಗೆ ಎರಡೆರಡು ಸಲ. ಇದಕ್ಕೆಂದೇ ಎರಡು ಹಿಡಿಗಳಿರುವ ಪಾತ್ರೆಯನ್ನು ಮನೆಯಲ್ಲಿ ಇಟ್ಟುಕೊಂಡಿರುತ್ತಾರೆ. ತೊಳೆದು, ದೇವಸ್ತುತಿಯ ಒಂದು ವಾಕ್ಯ ಹೇಳಿ, ಕೈ ಒರೆಸಿಕೊಂಡು ರೊಟ್ಟಿ ಮುರಿಯುತ್ತಾರೆ. ಪಾತ್ರೆ ತೂತಾಗಿರಬಾರದು, ಒಡೆದಿರಬಾರದು. ನೀರು ಒಂದು ಸಣ್ಣ ಲೋಟದಷ್ಟಿದ್ದರೂ ಸಾಕು. ಉಂಗುರ ತೆಗೆದಿಡಬೇಕು, ಕೈಯಲ್ಲಿ ಮಣ್ಣೋ ಹಿಟ್ಟೋ ಅಂಟಿದ್ದರೆ ಮೊದಲೇ ತೆಗೆದಿರಬೇಕು.

ಈ ಕೊನೆಯ ಮಾತನ್ನು ಗಮನಿಸಿ. ಕೊಳೆ ಮೊದಲೇ ಹೋಗಿರಬೇಕು, ಆಮೇಲೆ ಈ ವಿಧಿ. ಇದರಲ್ಲಿ ಸೋಪಿನ ಮಾತೇ ಇಲ್ಲ. ನಲ್ಲಿಯ ಕೆಳಗೆ ನಿಂತು ಸೋಪು ಹಾಕಿ 20 ಸೆಕೆಂಡ್ ಚೆನ್ನಾಗಿ ಉಜ್ಜಿ ತೊಳೆದವನು ವೈದ್ಯರ ಲೆಕ್ಕದಲ್ಲಿ ಪಾಸಾದ. ಆದರೆ ಈ ವಿಧಿಯ ಪ್ರಕಾರ ಅವನು ಮತ್ತೆ ಪಾತ್ರೆಯಲ್ಲಿ ನೀರು ಸುರಿದುಕೊಳ್ಳಬೇಕು. ಇನ್ನೊಂದು ವಿಷಯ: ಈ ವಿಧಿ ಮುಖ್ಯವಾಗಿ ಇರುವುದು ರೊಟ್ಟಿಗೆ. ಬರೀ ಆರೋಗ್ಯಕ್ಕಾಗಿ ಆಗಿದ್ದರೆ ಕೈಯಲ್ಲಿ ಕಲಸಿ ತಿನ್ನುವ ಅನ್ನಕ್ಕೇ ಅದು ಹೆಚ್ಚು ಬೇಕಾಗಿತ್ತು!

ಹಾಗಾದರೆ ಕಾರಣವೇನು? ಜೆರುಸಲೇಮಿನ ದೇವಾಲಯ ಇದ್ದ ಕಾಲದಲ್ಲಿ ಜನರು ಬೆಳೆಯ ಒಂದು ಪಾಲನ್ನು ಪುರೋಹಿತ ಮನೆತನದವರಿಗೆ ಕೊಡಬೇಕಿತ್ತು. ಆ ಪಾಲನ್ನು ಅವರು ಶುದ್ಧಿಯ ಸ್ಥಿತಿಯಲ್ಲೇ ತಿನ್ನಬೇಕಿತ್ತು. ಅವರಿಗೆ ಅದು ರೂಢಿಯಾಗಲೆಂದು ಕೈ ತೊಳೆಯುವುದನ್ನು ವಿದ್ವಾಂಸರು ಎಲ್ಲರಿಗೂ ವಿಧಿಸಿದರು. ದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು. ಪುರೋಹಿತರು ಆ ಪಾಲನ್ನು ತಿನ್ನುವ ಪದ್ಧತಿಯೂ ನಿಂತುಹೋಯಿತು. ಆದರೂ ಕೈ ತೊಳೆಯುವುದು ನಿಲ್ಲಲಿಲ್ಲ. ಪ್ರತಿಯೊಂದು ಮನೆಯ ಊಟದ ಮೇಜು ಆ ದೇವಾಲಯದ ಬಲಿಪೀಠದ ಜಾಗದಲ್ಲಿದೆ ಎಂಬ ಭಾವನೆ ಅದಕ್ಕೆ ಸೇರಿಕೊಂಡಿತು.

ಈಗ ಇದರ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ನೋಡಿ. ಊಟದ ನಂತರವೂ ಬೆರಳ ತುದಿ ತೊಳೆಯಬೇಕೆಂದು ತಾಲ್ಮುದ್ ಹೇಳುತ್ತದೆ. (ತಾಲ್ಮುದ್ ಎಂದರೆ ತೌರಾತ್‌ನ ಆದೇಶಗಳ ಮೇಲೆ ವಿದ್ವಾಂಸರು ನಡೆಸಿದ ಚರ್ಚೆಗಳ ದೊಡ್ಡ ಸಂಗ್ರಹ.) ಇಲ್ಲಿ ಕೊಟ್ಟಿರುವುದು ಶುದ್ಧ ಆರೋಗ್ಯದ ಕಾರಣ: ಮೃತ ಸಮುದ್ರದ ಕಡೆಯ ‘ಸೊದೋಮಿನ ಉಪ್ಪು’ ಬೆರಳಿಗಂಟಿರುತ್ತದೆ, ಅದೇ ಬೆರಳು ಕಣ್ಣಿಗೆ ತಗಲಿದರೆ ಕಣ್ಣು ಹಾಳಾಗುತ್ತದೆ. ಕೆಲವು ಶತಮಾನಗಳ ಬಳಿಕ ಫ್ರಾನ್ಸಿನ ಯಹೂದಿ ವಿದ್ವಾಂಸರು, ಆ ಉಪ್ಪು ನಮ್ಮಲ್ಲಿಲ್ಲ, ಆದ್ದರಿಂದ ನಮ್ಮ ಜನ ಊಟದ ನಂತರ ತೊಳೆಯುವ ರೂಢಿ ಇಟ್ಟುಕೊಂಡಿಲ್ಲ ಎಂದು ಬರೆದರು. ಇಂದಿಗೂ ಅದನ್ನು ಬಿಡದೆ ಮಾಡುವವರಿದ್ದಾರೆ, ಬಿಟ್ಟವರೂ ಇದ್ದಾರೆ. ಊಟಕ್ಕೆ ಮುಂಚಿನ ಕೈತೊಳೆತದಲ್ಲಿ ಈ ಸಡಿಲಿಕೆ ಇಲ್ಲ.

ರಾತ್ರಿ ಮುಚ್ಚದೆ ಇಟ್ಟ ನೀರಿನ ಕತೆಯೂ ಇದೇ. ಹಾವು ಬಾಯಿ ಹಾಕಿ ವಿಷ ಬಿಟ್ಟಿರಬಹುದು ಎಂಬ ಭಯದಿಂದ ಅಂಥ ನೀರನ್ನು ಕುಡಿಯಬಾರದೆಂದು ತಾಲ್ಮುದ್ ನಿಷೇಧಿಸಿತ್ತು. ನಮ್ಮ ಊರಲ್ಲಿ ಅಂಥ ಹಾವುಗಳ ಓಡಾಟವಿಲ್ಲ ಎಂಬ ಕಾರಣಕ್ಕೆ ನಂತರದವರು ಅದನ್ನು ಸಡಿಲಿಸಿದರು. ಮೀನು ಮತ್ತು ಮಾಂಸವನ್ನು ಒಟ್ಟಿಗೆ ಬೇಯಿಸಿದರೆ ರೋಗ ಬರುತ್ತದೆ ಎಂಬ ನಿಯಮದ ಬಗ್ಗೆಯೂ, ಈಗ ಪ್ರಕೃತಿಯೇ ಬದಲಾಗಿರಬಹುದು ಎಂದು 17ನೇ ಶತಮಾನದ ಒಬ್ಬ ಪ್ರಮುಖ ವ್ಯಾಖ್ಯಾನಕಾರರು ಬರೆದರು. (ಇದನ್ನು ಪಾಲಿಸುವವರು ಮಾತ್ರ ಇಂದಿಗೂ ಬಹಳ ಜನ.)

ಅಂದರೆ ಯಹೂದಿ ಕರ್ಮಶಾಸ್ತ್ರದಲ್ಲಿ ಎರಡು ಪೆಟ್ಟಿಗೆಗಳಿವೆ. ಒಂದರಲ್ಲಿ ಆದೇಶಗಳು, ಅವುಗಳಿಂದ ಲಾಭವಿದೆಯೋ ಇಲ್ಲವೋ, ಪಾಲಿಸಬೇಕು. ಇನ್ನೊಂದರಲ್ಲಿ ಅಪಾಯದಿಂದ ಕಾಪಾಡುವ ನಿಯಮಗಳು. ಅವು ಅಪಾಯ ಇರುವವರೆಗೆ ಮಾತ್ರ. ವಾಟ್ಸ್‌ಆ್ಯಪ್ ಸಂದೇಶ ಮಾಡಿದ ತಪ್ಪೆಂದರೆ ಎರಡೂ ಪೆಟ್ಟಿಗೆಗಳನ್ನು ಒಂದಕ್ಕೊಂದು ಸುರಿದದ್ದು.

ಮಿಕ್ವೆಯ ಉದಾಹರಣೆ ಇನ್ನೂ ಸ್ಪಷ್ಟ. ಅದು ಮಳೆಯ ಅಥವಾ ಒರತೆಯ ನೀರು ತಾನಾಗಿಯೇ ಕೂಡಿದ ಕೊಳ. ಬಿಂದಿಗೆಯಲ್ಲಿ ಹೊತ್ತು ತಂದು ತುಂಬಿಸಿದ ನೀರು ಅದಕ್ಕೆ ಆಗುವುದಿಲ್ಲ. ನೀರು ಇಂತಿಷ್ಟು ಇರಲೇಬೇಕೆಂಬ ಅಳತೆಯಿದೆ. ಅದನ್ನು ಇಂದಿನ ಲೆಕ್ಕಕ್ಕೆ ತಂದರೆ ನೂರಾರು ಲೀಟರ್ ಆಗುತ್ತದೆ. ಮುಟ್ಟು ನಿಂತು, ಎಣಿಕೆಯ ದಿನಗಳು ಕಳೆದ ಮೇಲೆ ವಿವಾಹಿತ ಮಹಿಳೆ ಅದರಲ್ಲಿ ಪೂರ್ತಿ ಮುಳುಗಿ ಏಳುತ್ತಾಳೆ. ಆದರೆ ಮುಳುಗುವ ಮೊದಲು ಅವಳು ಮನೆಯಲ್ಲೋ ಪಕ್ಕದ ಸ್ನಾನದ ಕೋಣೆಯಲ್ಲೋ ಚೆನ್ನಾಗಿ ಸ್ನಾನ ಮಾಡಬೇಕು, ಉಗುರು ಕತ್ತರಿಸಬೇಕು, ತಲೆಗೂದಲ ಸಿಕ್ಕು ಬಿಡಿಸಬೇಕು, ಹಲ್ಲುಜ್ಜಬೇಕು. ನೀರಿಗೂ ಮೈಗೂ ನಡುವೆ ಏನೂ ಅಡ್ಡ ಇರಬಾರದು. ಆದ್ದರಿಂದ ಸ್ವಚ್ಛವಾಗುವ ಕೆಲಸ ಮಿಕ್ವೆಗೆ ಇಳಿಯುವ ಮುಂಚೆಯೇ ಮುಗಿದಿರುತ್ತದೆ. ಗುಸ್ಲ್ ಏನೆಂದು ತಿಳಿದಿರುವ ನಮ್ಮ ಓದುಗರಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಿಲ್ಲ.

ಈ ವಿಷಯದಲ್ಲಿ ಕೇಳಲೇಬೇಕಾದ ಒಬ್ಬ ವ್ಯಕ್ತಿಯಿದ್ದಾರೆ: ಅರಬಿಯಲ್ಲಿ ಮೂಸಾ ಇಬ್ನ್ ಮೈಮೂನ್, ಯುರೋಪಿನವರ ಬಾಯಲ್ಲಿ ಮೈಮೊನಿಡಿಸ್. ಸ್ಪೇನಿನ ಕುರ್ತುಬದಲ್ಲಿ ಹುಟ್ಟಿ, ಈಜಿಪ್ಟಿನ ಫುಸ್ತಾತ್‌ನಲ್ಲಿ ನೆಲೆಸಿ, 1204ರಲ್ಲಿ ತೀರಿಕೊಂಡ ಇವರು ಯಹೂದಿಯರ ಅತಿ ದೊಡ್ಡ ಕರ್ಮಶಾಸ್ತ್ರಜ್ಞರಲ್ಲಿ ಒಬ್ಬರು. ಜೊತೆಗೆ ವೃತ್ತಿಯಲ್ಲಿ ವೈದ್ಯರು. ಸುಲ್ತಾನ್ ಸಲಾಹುದ್ದೀನರ ಆಸ್ಥಾನದ ಮಂತ್ರಿ ಅಲ್‌ಖಾದಿ ಅಲ್‌ಫಾದಿಲ್ ಇವರ ಆಶ್ರಯದಾತ. ಸುಲ್ತಾನರ ಮಗ ಅಲ್‌ಅಫ್ದಲ್‌ಗಾಗಿ ಅರಬಿಯಲ್ಲೇ ಒಂದು ಆರೋಗ್ಯ ಪುಸ್ತಕವನ್ನೂ ಇವರು ಬರೆದರು. ಬೆಳಿಗ್ಗೆ ಕೈರೋದ ಅರಮನೆಗೆ ಹೋಗಿ, ಮಧ್ಯಾಹ್ನ ಹಸಿದು ಮನೆಗೆ ಬಂದರೆ ಪಡಸಾಲೆಯ ತುಂಬ ಯಹೂದಿಯರೂ ಇತರರೂ ಆದ ರೋಗಿಗಳು ಕಾದಿರುತ್ತಿದ್ದರಂತೆ. ಈ ಅವಸ್ಥೆಯನ್ನು ಅವರೇ ಒಂದು ಪತ್ರದಲ್ಲಿ ವರ್ಣಿಸಿದ್ದಾರೆ.

ಹೀಗೆ ವೈದ್ಯರೂ ಆಗಿದ್ದ ಇವರು ಹಂದಿಯ ಬಗ್ಗೆ ಏನೆಂದರು? ನಿಷೇಧಿತ ಆಹಾರಗಳು ದೇಹಕ್ಕೆ ಒಳ್ಳೆಯದಲ್ಲ ಎಂದರು. ಹಂದಿ ಸಾಕಲು ಬಿಟ್ಟರೆ ಬೀದಿ, ಮನೆಗಳು ಫ್ರಾಂಕರ ನಾಡಿನಂತೆ ಹೊಲಸಾಗುತ್ತವೆ ಎಂದೂ ಬರೆದರು. ಆದೇಶಗಳ ಪ್ರಯೋಜನ ಹುಡುಕುವುದು ತಪ್ಪಲ್ಲ, ಪ್ರಯೋಜನವಿಲ್ಲದ ಆದೇಶವೇ ಇಲ್ಲ ಎಂಬುದು ಅವರ ನಿಲುವು. ಆದರೆ ಅದೇ ಲೇಖನಿ ಕರ್ಮಶಾಸ್ತ್ರ ಬರೆಯಲು ಕುಳಿತಾಗ ಬೇರೆ ಮಾತು ಹೇಳಿತು. ಮಿಕ್ವೆಯ ನಿಯಮಗಳ ಕೊನೆಯಲ್ಲಿ, ಅಶುದ್ಧಿ ಎಂದರೆ ನೀರು ಹಾಕಿ ತೊಳೆಯುವ ಕೆಸರಲ್ಲ, ಇದು ದೇವಾಜ್ಞೆ, ಮನಸ್ಸಿನ ಉದ್ದೇಶದ ಮೇಲೆ ನಿಂತದ್ದು ಎಂದು ಸ್ಪಷ್ಟಪಡಿಸಿದರು. ಜಾನುವಾರು ಕೊಯ್ಯುವ ನಿಯಮಗಳಲ್ಲಿ ಇನ್ನೂ ಗಟ್ಟಿಯಾಗಿ ಹೇಳಿದರು. ಬದುಕುಳಿಯಲಾರದಂಥ ಗಾಯ, ರೋಗ ಇರುವ ಪ್ರಾಣಿಯ ಮಾಂಸ ಯಹೂದಿಯರಿಗೆ ನಿಷಿದ್ಧ. ಅಂಥ ದೋಷಗಳ ಪಟ್ಟಿಯೇ ಇದೆ. ಕೊಯ್ದ ಮೇಲೆ ಶ್ವಾಸಕೋಶವನ್ನು ಕೈಯಿಂದ ತಡವಿ ನೋಡುವುದೂ ಅದಕ್ಕಾಗಿಯೇ. ಈ ಪಟ್ಟಿಯ ಕೆಲವು ದೋಷಗಳು ಪ್ರಾಣಿಯನ್ನು ಕೊಲ್ಲುವುದಿಲ್ಲ ಎಂದು ವೈದ್ಯಶಾಸ್ತ್ರ ತೋರಿಸಿದರೂ ಪಟ್ಟಿ ಬದಲಾಗುವುದಿಲ್ಲ ಎಂದವರು ಇದೇ ವೈದ್ಯರು.

ಮುಂದೆ ಇಸ್ಹಾಕ್ ಅಬ್ರವಾನೆಲ್ (1437-1508) ಎಂಬ ವಿದ್ವಾಂಸರು ಆರೋಗ್ಯವೇ ಕಾರಣ ಎನ್ನುವವರ ಮೇಲೆ ನೇರವಾಗಿ ಹರಿಹಾಯ್ದರು. ಹಾಗಾದರೆ ತೌರಾತ್ ಒಂದು ಚಿಕ್ಕ ವೈದ್ಯ ಪುಸ್ತಕವಾಗಿ ಬಿಡುತ್ತದಲ್ಲ? ಹಂದಿ ತಿನ್ನುವ ಜನಾಂಗಗಳು ಕಣ್ಣೆದುರೇ ಗಟ್ಟಿಮುಟ್ಟಾಗಿಲ್ಲವೇ? ವಿಷದ ಗಿಡಗಳು ಎಷ್ಟೋ ಇವೆ, ಅವುಗಳನ್ನು ನಿಷೇಧಿಸಿಲ್ಲವಲ್ಲ? ಇವು ಅವರ ಪ್ರಶ್ನೆಗಳ ಸಾರ. ನನಗೆ ಇವು ಬಲವಾದ ಪ್ರಶ್ನೆಗಳೆಂದೇ ಕಾಣುತ್ತವೆ. ಯಹೂದಿಯರಿಗೆ ಒಂಟೆ ನಿಷಿದ್ಧ. ಒಂಟೆ ಮಾಂಸದಿಂದ ಅರಬರಿಗೆ ಯಾವ ರೋಗ ಬಂತು? ಈಜುರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನು ಮಾತ್ರ ಅವರಿಗೆ ಸಮ್ಮತ, ಸಿಗಡಿ ಏಡಿಗಳು ಆಗುವುದಿಲ್ಲ. ಮಾಂಸದೊಂದಿಗೆ ಹಾಲು ಬೆರೆಯಬಾರದು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ಆದೇಶ ತೌರಾತ್‌ನಲ್ಲಿ ಮೂರು ಕಡೆ ಬರುತ್ತದೆ. ಪಾತ್ರೆಗಳೂ ಬೇರೆ ಬೇರೆ. ಇದಕ್ಕೆಲ್ಲ ಜೀರ್ಣಶಕ್ತಿಯ ಕಾರಣ ಹುಡುಕ ಹೊರಟರೆ ನಮ್ಮ ಜೀರ್ಣಶಕ್ತಿಯೇ ಕೆಡುತ್ತದೆ.

“ಆದರೆ ಹಂದಿಯಲ್ಲಿ ಹುಳು ಇದೆಯಲ್ಲ?” ಎಂದು ಕೇಳಬಹುದು. ಇದೆ. ಟ್ರಿಕಿನೆಲ್ಲ ಎಂಬ ಆ ಸೂಕ್ಷ್ಮ ಹುಳುವನ್ನು 1835ರಲ್ಲಿ ಲಂಡನ್ನಿನ ವೈದ್ಯ ವಿದ್ಯಾರ್ಥಿ ಜೇಮ್ಸ್ ಪ್ಯಾಜೆಟ್ ಶವದ ಸ್ನಾಯುವಿನಲ್ಲಿ ಕಂಡರು. 1860ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಫ್ರೆಡ್ರಿಕ್ ಜೆಂಕರ್, ಹಂದಿಮಾಂಸದಿಂದ ಬಂದ ಈ ಹುಳುಗಳು ಮನುಷ್ಯರನ್ನು ಕೊಲ್ಲುತ್ತವೆ ಎಂದು ತೋರಿಸಿದರು. ಆಗ ಅನೇಕರು, ನೋಡಿ, ತೌರಾತ್‌ಗೆ ಮೊದಲೇ ಗೊತ್ತಿತ್ತು ಎಂದು ಸಂತೋಷಪಟ್ಟರು. ಆ ಸಂತೋಷದೊಳಗೇ ಒಂದು ಹಳ್ಳವಿತ್ತು. ಚೆನ್ನಾಗಿ ಬೇಯಿಸಿದರೆ ಹುಳು ಸಾಯುತ್ತದೆ, ಸರಕಾರವೇ ಮಾಂಸ ಪರೀಕ್ಷೆ ಮಾಡುತ್ತದೆ. ಹಾಗಾದರೆ ನಿಷೇಧ ಯಾಕೆ ಬೇಕು? ಅಮೆರಿಕದ ಸುಧಾರಣಾವಾದಿ ರಬ್ಬಿಗಳು 1885ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇರಿ, ಆಹಾರ ಮತ್ತು ಶುದ್ಧಿಯ ನಿಯಮಗಳು ಹಳೆಯ ಕಾಲದವು, ಇಂದಿನವರಿಗೆ ಅವುಗಳ ಅಗತ್ಯವಿಲ್ಲ ಎಂದು ಘೋಷಿಸಿದರು. ಅವರ ವಾದ ಬರೀ ಆರೋಗ್ಯದ್ದಾಗಿರಲಿಲ್ಲ. ಆದರೆ ಆದೇಶಕ್ಕೆ ಒಂದು ಲಾಭವನ್ನೇ ಬುನಾದಿ ಮಾಡಿದವರಿಗೆ ಅಂಥ ಘೋಷಣೆಯ ಎದುರು ಉತ್ತರ ಉಳಿಯುವುದಿಲ್ಲ.

ಸಂದೇಶದಲ್ಲಿ ಬಂದ ಇನ್ನೊಂದು ಮಾತನ್ನು ಇಲ್ಲೇ ತಿದ್ದಬೇಕು. ಕೈ ತೊಳೆಯುತ್ತಿದ್ದ ಕಾರಣ 1348ರ ಮಹಾ ಪ್ಲೇಗಿನಲ್ಲಿ ಯಹೂದಿಯರು ಸಾಯಲಿಲ್ಲ ಎನ್ನುವುದು. ಪ್ಲೇಗ್ ಹರಡುವುದು ಮುಖ್ಯವಾಗಿ ಇಲಿಯ ಮೈಮೇಲಿನ ಚಿಗಟದಿಂದ. ಕೈ ತೊಳೆದರೆ ಚಿಗಟ ಕಚ್ಚುವುದನ್ನು ಬಿಡುವುದಿಲ್ಲ. ಯಹೂದಿಯರೂ ಸಾಯುತ್ತಿದ್ದಾರೆ ಎಂದು ಆ ವರ್ಷವೇ ಪೋಪ್ ಆರನೇ ಕ್ಲೆಮೆಂಟ್ ಬರೆದಿದ್ದಾರೆ. ಅವರು ಅದನ್ನು ಬರೆಯಬೇಕಾಗಿ ಬಂದದ್ದು ಯಾಕೆ ಗೊತ್ತೇ? ಯಹೂದಿಯರೇ ಬಾವಿಗಳಿಗೆ ವಿಷ ಹಾಕಿ ರೋಗ ಹರಡಿದರೆಂಬ ವದಂತಿ ಎಬ್ಬಿಸಿ ಊರೂರಲ್ಲಿ ಅವರನ್ನು ಕೊಲ್ಲುತ್ತಿದ್ದರು. ಸ್ಟ್ರಾಸ್‌ಬರ್ಗ್‌ನಲ್ಲಿ 1349ರ ಫೆಬ್ರವರಿಯಲ್ಲಿ ಅವರನ್ನು ಜೀವಂತ ಸುಟ್ಟಾಗ ಆ ಊರಿಗೆ ಪ್ಲೇಗ್ ಇನ್ನೂ ಕಾಲಿಟ್ಟಿರಲಿಲ್ಲ. ರೋಗದ ಹೊತ್ತಿನಲ್ಲಿ ಒಂದು ಸಮುದಾಯದ ಮೇಲೆ ಬೆರಳು ತೋರಿಸಿದರೆ ಏನಾಗುತ್ತದೆ ಎಂದು ನಮಗೂ ಚೆನ್ನಾಗಿ ಗೊತ್ತು. ಮೆಚ್ಚುಗೆಯ ಸಂದೇಶವೆಂದು ಇಂಥದ್ದನ್ನು ಫಾರ್ವರ್ಡ್ ಮಾಡಬೇಡಿ.

ಖತ್ನದ ವಿಷಯ: ಎರಡು ಪೆಟ್ಟಿಗೆ ಬೆರೆತಾಗ

ಗಂಡು ಮಗುವಿಗೆ ಎಂಟನೆಯ ದಿನ ಖತ್ನ ಮಾಡುವುದು ಪ್ರವಾದಿ ಇಬ್ರಾಹೀಮ್(ಅ)ರೊಂದಿಗಿನ ಒಡಂಬಡಿಕೆಯ ಗುರುತು ಎಂಬುದು ಯಹೂದಿಯರ ನಂಬಿಕೆ. ಇದು ಖಂಡಿತ ಆದೇಶದ ಪೆಟ್ಟಿಗೆಯದು. ಆದರೆ ಖತ್ನ ಮಾಡಿದ ಮೇಲೆ ಗಾಯದ ರಕ್ತವನ್ನು ಹೀರಿ ತೆಗೆಯಬೇಕೆಂದೂ, ಹಾಗೆ ಮಾಡದಿದ್ದರೆ ಮಗುವಿಗೆ ಅಪಾಯವೆಂದೂ ತಾಲ್ಮುದ್ ಹೇಳಿದೆ. ಆ ಕಾಲದ ವೈದ್ಯಕೀಯ ತಿಳಿವಳಿಕೆ ಅದು. ಹೀರುತ್ತಿದ್ದುದು ಬಾಯಿಯಿಂದ.

1837ರಲ್ಲಿ ವಿಯೆನ್ನಾದಲ್ಲಿ ಖತ್ನದ ನಂತರ ಶಿಶುಗಳ ಗಾಯದಲ್ಲಿ ಹುಣ್ಣೆದ್ದು, ಅದು ಮೈಗೆಲ್ಲ ಹರಡಿ ಕೆಲವು ಮಕ್ಕಳು ಸತ್ತವು. ಬಾಯಿಂದ ಹೀರುವುದೇ ಕಾರಣವಿರಬಹುದೆಂದು ಯಹೂದಿ ಆಸ್ಪತ್ರೆಯ ವೈದ್ಯರು ಶಂಕಿಸಿದರು. ಊರಿನ ರಬ್ಬಿ, ಪ್ರೆಸ್‌ಬರ್ಗ್‌ನ ಮೋಸೆಸ್ ಸೋಫರ್ ಅವರಿಗೆ ಪತ್ರ ಬರೆದು ಕೇಳಿದರು. ಸೋಫರ್ ಎಂದರೆ ಸಂಪ್ರದಾಯದಲ್ಲಿ ಕೂದಲೆಳೆಯಷ್ಟು ಬದಲಾವಣೆಯನ್ನೂ ಸಹಿಸದವರೆಂದು ಹೆಸರಾದವರು. ಅವರ ಉತ್ತರ: ಹೀರುವುದನ್ನು ಹೇಳಿರುವುದು ಮಗುವನ್ನು ಅಪಾಯದಿಂದ ಉಳಿಸಲು, ಸ್ಪಂಜಿನಿಂದ ಒತ್ತಿ ರಕ್ತ ತೆಗೆದರೂ ಅದೇ ಕೆಲಸವಾಗುತ್ತದೆಂದು ವೈದ್ಯರು ಹೇಳಿದರೆ ಹಾಗೆಯೇ ಮಾಡಿ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಸುಧಾರಣಾವಾದಿಗಳು ಖತ್ನವನ್ನೇ ಪ್ರಶ್ನಿಸತೊಡಗಿದ್ದ ಕಾಲ ಅದು. ಒಂದು ಎಳೆ ಬಿಟ್ಟರೆ ಬಟ್ಟೆಯೇ ಬಿಚ್ಚಿಹೋಗುತ್ತದೆಂಬ ಭಯದಲ್ಲಿ ಕೆಲವರು ಬಾಯಿಂದ ಹೀರುವುದೂ ಆದೇಶದ ಭಾಗವೇ ಎಂದು ಪಟ್ಟು ಹಿಡಿದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದರ ಬೆಲೆ ತೆತ್ತವರು ಯಾರು? ತುಟಿಯ ಮೇಲೆ ಜ್ವರಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ದೊಡ್ಡವರಿಗೆ ನಾಲ್ಕು ದಿನದ ಕಿರಿಕಿರಿ. ಅನೇಕರ ಮೈಯಲ್ಲಿ ಅದು ಗುಳ್ಳೆಯಿಲ್ಲದೆಯೂ ಅಡಗಿರುತ್ತದೆ, ಎಂಜಲಿನಲ್ಲಿ ಬರುತ್ತದೆ. ಎಂಟು ದಿನದ ಕೂಸಿಗೆ ಅದನ್ನು ಎದುರಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ವೈರಸ್ ಮಿದುಳಿಗೆ, ಪಿತ್ತಜನಕಾಂಗಕ್ಕೆ ಇಳಿಯುತ್ತದೆ. ನ್ಯೂಯಾರ್ಕ್ ನಗರದಲ್ಲಿ 2000ದಿಂದ 2011ರವರೆಗೆ ಬಹುಶಃ ಹೀಗೆ ಸೋಂಕು ತಗುಲಿದ 11 ಶಿಶುಗಳನ್ನು ಆರೋಗ್ಯ ಇಲಾಖೆ ದಾಖಲಿಸಿತು. ಇಬ್ಬರು ಸತ್ತರು. 2012ರಲ್ಲಿ ಆ ನಗರ, ಪೋಷಕರ ಲಿಖಿತ ಒಪ್ಪಿಗೆ ಬೇಕೆಂಬ ನಿಯಮ ತಂದಿತು. ವಿರೋಧ ಬಂದು 2015ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಇಂದು ಹೆಚ್ಚಿನ ಯಹೂದಿಯರು ಬಾಯಿ ಹಾಕುವುದಿಲ್ಲ. ಸ್ವಚ್ಛಗೊಳಿಸಿದ ಗಾಜಿನ ನಳಿಗೆಯನ್ನೋ ಗಾಜ್ ಬಟ್ಟೆಯನ್ನೋ ಬಳಸುತ್ತಾರೆ. ಅವರಲ್ಲಿ ಕೆಲವು ಪಂಗಡಗಳಲ್ಲಿ ಮಾತ್ರ ಹಳೆಯ ಪದ್ಧತಿ ಉಳಿದಿದೆ.

(ನಮ್ಮ ಮನೆಗಳಿಗೂ ಇದರಲ್ಲಿ ಒಂದು ಪಾಠವಿದೆ. ಹೆರಿಗೆಯ ಮನೆಗೆ ಮಗು ನೋಡಲು ಹೋಗುವವರು ತುಟಿಯಲ್ಲಿ ಗುಳ್ಳೆ ಇದ್ದರೆ ದಯವಿಟ್ಟು ಮಗುವಿಗೆ ಮುತ್ತು ಕೊಡಬೇಡಿ. ಅಜ್ಜಿಯಾದರೂ ಸರಿ.)

ವಿಚಿತ್ರವೆಂದರೆ ಇದೇ ಖತ್ನದ ವಿಷಯದಲ್ಲಿ ತಾಲ್ಮುದ್ ಜೀವಕ್ಕೆ ಕೊಟ್ಟ ಬೆಲೆ ಬೆರಗು ಹುಟ್ಟಿಸುವಂಥದ್ದು. ಒಬ್ಬ ತಾಯಿಯ ಇಬ್ಬರು ಗಂಡು ಮಕ್ಕಳು ಖತ್ನದಿಂದ ಸತ್ತರೆ ಮೂರನೆಯವನಿಗೆ ಮಾಡಬಾರದು ಎಂದು ಅದು ಹೇಳುತ್ತದೆ. ಅಕ್ಕತಂಗಿಯರ ಮಕ್ಕಳು ಹೀಗೆ ಸತ್ತರೂ ಇದೇ ಎಚ್ಚರಿಕೆಯ ಮಾತು ಅಲ್ಲಿ ಬರುತ್ತದೆ. ರಕ್ತ ಹೆಪ್ಪುಗಟ್ಟದ ಹೀಮೋಫಿಲಿಯಾ ರೋಗ ತಾಯಿಯ ಕಡೆಯಿಂದ ಗಂಡು ಮಕ್ಕಳಿಗೆ ಬರುತ್ತದೆಂದು ವೈದ್ಯರು ತಿಳಿಯುವುದಕ್ಕೆ ಎಷ್ಟೋ ಶತಮಾನ ಮುಂಚಿನ ಮಾತಿದು. ಮಗುವಿನ ಮೈ ಹಳದಿಯಾಗಿದ್ದರೆ ಅದು ಸರಿಯಾಗುವವರೆಗೆ ಕಾಯಬೇಕು. ಎಂಟನೆಯ ದಿನ ದಾಟಿದರೂ ಪರವಾಗಿಲ್ಲ. ಇಂದಿಗೂ ಕಾಮಾಲೆ ಇರುವ ಶಿಶುವಿನ ಖತ್ನವನ್ನು ಅವರು ಮುಂದೂಡುತ್ತಾರೆ.

ಇದರ ಹಿಂದಿರುವ ತತ್ವ ಹೀಗಿದೆ: ಆದೇಶಗಳನ್ನು ಕೊಟ್ಟಿರುವುದು ಅವುಗಳಿಂದ ಬದುಕಲೆಂದು, ಸಾಯಲೆಂದಲ್ಲ. ವಿಗ್ರಹಾರಾಧನೆ, ಕೊಲೆ, ನಿಷಿದ್ಧ ಲೈಂಗಿಕ ಸಂಬಂಧ ಈ ಮೂರನ್ನು ಬಿಟ್ಟರೆ, ಜೀವಕ್ಕೆ ಅಪಾಯವಿದ್ದಾಗ ಉಳಿದ ಎಲ್ಲ ಆದೇಶಗಳೂ ಬದಿಗೆ ಸರಿಯುತ್ತವೆ. ಬೆಂಕಿ ಹೊತ್ತಿಸಲೂ ಬಾರದ ಸಬ್ಬತ್ ದಿನದಲ್ಲಿ ರೋಗಿಗಾಗಿ ವಾಹನ ಓಡಿಸಬಹುದು, ಓಡಿಸಲೇಬೇಕು. ಅಂಥ ಹೊತ್ತಿನಲ್ಲಿ ರಬ್ಬಿಯ ಮನೆಗೆ ಹೋಗಿ ಅನುಮತಿ ಕೇಳುತ್ತ ಕೂರುವವನನ್ನು ಅವರ ಗ್ರಂಥಗಳು ರಕ್ತ ಸುರಿಸಿದವನಿಗೆ ಸಮ ಎನ್ನುತ್ತವೆ. 1831ರಲ್ಲಿ ಪೋಸೆನ್ ನಗರಕ್ಕೆ ಕಾಲರಾ ಬಂದಾಗ ಅಲ್ಲಿನ ರಬ್ಬಿ ಅಕೀವಾ ಐಗರ್, ಪ್ರಾರ್ಥನಾ ಮಂದಿರದಲ್ಲಿ ಜನ ಕಿಕ್ಕಿರಿಯಬಾರದು, 15 ಮಂದಿಯ ಗುಂಪುಗಳಾಗಿ ಸರದಿಯಲ್ಲಿ ಬಂದು ಪ್ರಾರ್ಥಿಸಬೇಕು ಎಂದು ಕಟ್ಟುಮಾಡಿದರು. ಪ್ರಶ್ಯದ ರಾಜ ಅವರಿಗೆ ಕೃತಜ್ಞತೆಯ ಪತ್ರ ಬರೆದ. ಕೊರೊನಾ ಕಾಲದಲ್ಲಿ ಮಸೀದಿಯಲ್ಲಿ ಸಫ್ ಬಿಡಿಸಿ ನಿಂತ ನಮಗೆ ಇದು ದೂರದ ಕತೆಯಲ್ಲ.

ರೋಗಿಯ ಉಪವಾಸ

ನನ್ನನ್ನು ಈ ಲೇಖನಕ್ಕೆ ಹಚ್ಚಿದ್ದು ಅಸಲಿಗೆ ಕೊನೆಯ ಈ ವಿಷಯ. ಪ್ರತಿ ರಮಝಾನ್‌ನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರೊಬ್ಬರಾದರೂ, ವೈದ್ಯರು ಬೇಡವೆಂದರೂ ಉಪವಾಸ ಹಿಡಿದು, ಸಕ್ಕರೆ ಇಳಿದು ಬೆವರುತ್ತಿದ್ದರೂ ಮನೆಯವರಿಗೆ ಹೇಳದೆ ಮಲಗಿರುವುದನ್ನು ನೋಡುತ್ತೇನೆ. ರೋಗಿಗೆ ಕುರ್‌ಆನ್ ಕೊಟ್ಟಿರುವ ರಿಯಾಯಿತಿ (ಅಲ್‌ಬಕರ: 184, 185) ಅವರಿಗೆ ತಿಳಿಯದ್ದೇನಲ್ಲ. ಬಿಟ್ಟರೆ ಏನೋ ಕಡಿಮೆಯಾಯಿತು ಎಂಬ ಸಂಕಟ ಅವರದು. ಇದೇ ಸಂಕಟ ಯಹೂದಿ ವೃದ್ಧರಿಗೂ ಇದೆ. ಅವರ ಯೋಮ್ ಕಿಪ್ಪೂರ್, ಪಶ್ಚಾತ್ತಾಪದ ದಿನ, ವರ್ಷದಲ್ಲೇ ಪವಿತ್ರ. ಸುಮಾರು 25 ಗಂಟೆ ಅನ್ನವೂ ಇಲ್ಲ, ನೀರೂ ಇಲ್ಲ.

ಆ ದಿನ ರೋಗಿ ತನಗೆ ತಿನ್ನಲೇಬೇಕಾಗಿದೆ ಎಂದರೆ, ಬೇಡವೆಂದು ನೂರು ವೈದ್ಯರು ಹೇಳಿದರೂ ರೋಗಿಯ ಮಾತನ್ನೇ ಕೇಳಬೇಕು. ಅವನ ನೋವು ಅವನಿಗೇ ಗೊತ್ತು. ತಿನ್ನಬೇಕೆಂದು ವೈದ್ಯರು ಹೇಳಿ ರೋಗಿ ಬೇಡವೆಂದರೆ ವೈದ್ಯರ ಮಾತು ಕೇಳಬೇಕು. ಎರಡು ಕಡೆಯಿಂದಲೂ ತಕ್ಕಡಿ ಜೀವದ ಕಡೆಗೇ ವಾಲುತ್ತದೆ.

ಹೇಗೆ ತಿನ್ನಬೇಕೆಂಬುದಕ್ಕೂ ಒಂದು ದಾರಿ ಮಾಡಿದ್ದಾರೆ. ಒಂದು ದೊಡ್ಡ ಖರ್ಜೂರದ ಗಾತ್ರದಷ್ಟು ತಿಂದರೆ ಉಪವಾಸ ಮುರಿದ ಪೂರ್ಣ ಅಪರಾಧ ಎಂಬುದು ಅವರ ಅಳತೆ. ಆದ್ದರಿಂದ ಅದಕ್ಕಿಂತ ಕಡಿಮೆ, ಸುಮಾರು 30 ಮಿಲಿ ಲೀಟರ್‌ನಷ್ಟು ಆಹಾರವನ್ನು ತಿಂದು, ಒಂಬತ್ತು ನಿಮಿಷ ಕಾದು, ಮತ್ತೆ ಅಷ್ಟೇ ತಿನ್ನುತ್ತಾರೆ. ನೀರನ್ನೂ ಒಂದು ದವಡೆ ತುಂಬದಷ್ಟೇ. ಹೀಗೆ ಗಡಿಯಾರ, ಚಿಕ್ಕ ಲೋಟ ಇಟ್ಟುಕೊಂಡು ಕುಳಿತರೆ ರೋಗಿಯ ಸಕ್ಕರೆಯೂ ಇಳಿಯುವುದಿಲ್ಲ, ಮನಸ್ಸಿಗೂ ಸಮಾಧಾನ. ಇದು ಸಾಲದಷ್ಟು ರೋಗ ತೀವ್ರವಾಗಿದ್ದರೆ ಅಳತೆ ಬಿಟ್ಟು ಬೇಕಾದಷ್ಟು ತಿನ್ನಬೇಕು. ಹಾಗೆ ರೊಟ್ಟಿ ತಿಂದವನು ಊಟದ ನಂತರದ ಪ್ರಾರ್ಥನೆಯಲ್ಲಿ ಆ ಪವಿತ್ರ ದಿನದ ಹೆಸರನ್ನು, ಹಬ್ಬದ ಊಟ ಉಂಡವರು ಹಬ್ಬದ ಹೆಸರು ಸೇರಿಸಿ ಹೇಳುವಂತೆಯೇ, ಸೇರಿಸಿ ಹೇಳುತ್ತಾನೆ.